ಊರಿಗೆಲ್ಲ ತಾರೀಖು ಹಂಚಿದ ಕಾಕಾ

ಗಜೇಂದ್ರಗಡಕ್ಕೆ ಹೋದರೆ ನಮ್ಮ ಕಾಕಾನನ್ನು ತಪ್ಪದೇ ಕಂಡು ಬನ್ನಿ. ಚಹಾ ಕುಡಿಸುತ್ತಾನೆ, ಗಿರಮಿಟ್ಟು ತಿನ್ನಿಸುತ್ತಾನೆ, ಮಗ್ಗದ ಮೇಲಿನ ಅರ್ಧ ನೇಯ್ದ ಸೀರೆಯ ಅಂಚು ಮುಟ್ಟಿ ನೋಡಲು ಬಿಡುತ್ತಾನೆ. ಬಂಗಾರದಂಥ ಮನುಷ್ಯ! ಆದರೆ ಅಪ್ಪಿತಪ್ಪಿಯೂ "ಇವತ್ತ ತಾರೀಖ ಎಷ್ಟ್ರಿ?" ಎಂದು ಮಾತ್ರ ಅವನನ್ನು ಕೇಳಬೇಡಿ. ಕೇಳಿದಿರೋ, ನಿಮ್ಮ ಬಸ್ಸು ತಪ್ಪಿತೆಂದೇ ಲೆಕ್ಕ.

ಕಾಕಾನ ಪಾಲಿಗೆ ತಾರೀಖು ಎಂದರೆ ಬರೀ ಅಂಕಿ ಅಲ್ಲ. ಅದೊಂದು ಓಣಿ. ಅಲ್ಲಿ ಜಗತ್ತಿನ ಯಾರ್ಯಾರೋ ಅಕ್ಕಪಕ್ಕ ಮನೆ ಮಾಡಿಕೊಂಡಿರುತ್ತಾರೆ. ಆಗಸ್ಟ್ ಹದಿನೈದು ಅನ್ನಿ. ನಮಗೆ ನಿಮಗೆ ಅದು ಧ್ವಜ, ಪೇಢೆ, ಸಾಲಿಗೆ ಸೂಟಿ. ಕಾಕಾನಿಗೆ?

"ನಮಗಷ್ಟ ಸ್ವಾತಂತ್ರ್ಯ ಬಂತು ಅಂತ ತಿಳದ್ರೇನು? ಕೊರಿಯಾದವ್ರಿಗೂ ಇದ ದಿನ ಬಿಡುಗಡಿ. ಅತ್ತಾಗ ಪನಾಮಾದಾಗ ಭೂಮಿ ಸೀಳಿ ಕಾಲಿವಿ ತೋಡಿದ್ರಲಾ, ಅದನ್ನ ಹಡಗಿಗೆ ತೆರದದ್ದೂ ಇದ ದಿನ!"

ಸೀರೆ ಕೊಳ್ಳಲು ಬಂದ ನರಗುಂದದ ವ್ಯಾಪಾರಿ ಪಾಪ, ಮರ್ಯಾದೆಗೆಂದು ಕೇಳಿದ: "ನಮ್ಮ ಮಲಪ್ರಭಾ ಕಾಲಿವಿಗಿಂತ ದೊಡ್ಡದೇನ್ರಿ ಅದು?" ಅಷ್ಟೇ! ಅಂದು ಅವನು ಸೀರೆಯನ್ನೂ ಕೊಳ್ಳಲಿಲ್ಲ, ಸಂಜೆತನಕ ಊರನ್ನೂ ಬಿಡಲಿಲ್ಲ.

ಇದನ್ನೆಲ್ಲ ಎಲ್ಲಿಂದ ತಂದ ಅನ್ನುತ್ತೀರಾ? ಕುಣಿಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಕೈಯಲ್ಲಿ ಲಾಳಿ, ಪಕ್ಕದಲ್ಲಿ ರೇಡಿಯೋ. 'ಇತಿಹಾಸದಲ್ಲಿ ಈ ದಿನ' ಎಂದು ಅದು ಬೆಳಿಗ್ಗೆ ಹೇಳಿದ್ದನ್ನು ಇವನು ದಿನವಿಡೀ ಹೇಳುತ್ತಾನೆ. ಉಳಿದದ್ದು ಕ್ಷೌರದಂಗಡಿಯ ಪೇಪರಿನ ಪುಣ್ಯ. ಒಮ್ಮೆ ಕೇಳಿದ್ದನ್ನು ಮರೆಯುವ ಪೈಕಿ ಅಲ್ಲ. ಹೆಂಡತಿ, ಅಂದರೆ ನಮ್ಮ ಕಾಕು, ತರಲು ಹೇಳಿದ ಕೊತ್ತಂಬರಿಯನ್ನು ಮಾತ್ರ ಪ್ರತಿ ಸಲ ಮರೆಯುತ್ತಾನೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಕಾಕಾನಿಗೆ ಒಬ್ಬ ಶತ್ರುವಿದ್ದಾನೆ. ಅವನ ಹೆಸರು ಜೂನ್ ಒಂದು! ನಮ್ಮ ಕಡೆ ಐವತ್ತು ದಾಟಿದ ಯಾರನ್ನಾದರೂ ಹಿಡಿದು ಹುಟ್ಟಿದ ತಾರೀಖು ಕೇಳಿ ನೋಡಿ. ಗಂಡನದೂ ಜೂನ್ ಒಂದು, ಹೆಂಡತಿಯದೂ ಜೂನ್ ಒಂದು, ಅವರ ಜಗಳ ಬಿಡಿಸಲು ಬಂದ ಹಿರಿಯರದೂ ಜೂನ್ ಒಂದು. ಅಂದು ಊರ ಹೆಂಗಸರೆಲ್ಲ ಸಾಲುಹಿಡಿದು ಹಡೆದರೇ? ಹಾಗೇನಿಲ್ಲ. ಆಗಿನ ಕಾಲದಲ್ಲಿ ಹುಡುಗನನ್ನು ಸಾಲಿಗೆ ಹಚ್ಚಲು ಹೋದರೆ ಮಾಸ್ತರರು, "ಎಂದ ಹುಟ್ಟ್ಯಾನ?" ಎನ್ನುತ್ತಿದ್ದರು. ಅಪ್ಪ ತಲೆ ಕೆರೆದುಕೊಂಡು, "ಹತ್ತಿ ಬಿಡಸೂ ಹೊತ್ತಿನಾಗ್ರಿ" ಎನ್ನುತ್ತಿದ್ದ. ಮಾಸ್ತರರು ಹುಡುಗನ ಹಲ್ಲು ನೋಡಿ ವರ್ಷ ಹಾಕಿ, ಸಾಲಿ ಶುರುವಾಗುವ ಜೂನ್ ಒಂದನ್ನೇ ಬರೆದು ಕೈ ತೊಳೆದುಕೊಳ್ಳುತ್ತಿದ್ದರು.

"ಇಡೀ ಊರಿಗೆ ಒಂದ ತಾರೀಖಂದ್ರ ಇದೇನ ಧರ್ಮಛತ್ರ ಏನ?" ಎಂದು ಕಾಕಾ ಸಿಡಿಯುತ್ತಿದ್ದ. ಒಂದು ರಾಜ್ಯೋತ್ಸವದ ದಿನ ಅವನು, ಕರ್ನಾಟಕದಂತೆ ಕೇರಳವೂ ನವೆಂಬರ್ ಒಂದಕ್ಕೇ ಹುಟ್ಟಿದ್ದು, ಹರಿಯಾಣವೂ ಅಂದೇ, ಮೊನ್ನೆ ಮೊನ್ನೆಯ ಛತ್ತೀಸಗಡವೂ ಅಂದೇ ಎಂದು ಹೇಳುತ್ತಿದ್ದಾಗ, ಕಾಕು ಒಲೆಯ ಮುಂದಿನಿಂದಲೇ ಕೂಗಿದಳು: "ಅವನ್ನೂ ನಮ್ಮೂರ ಮಾಸ್ತರ್ರ ಸಾಲಿಗೆ ಹಚ್ಚಿರಬೇಕ ಬಿಡ್ರಿ!"

ಅಷ್ಟಕ್ಕೂ ಜೂನ್ ಒಂದರ ಮೇಲೆ ಏಕಿಷ್ಟು ಸಿಟ್ಟು? ಕಾಕಾನದೂ ಅದೇ ತಾರೀಖು. ಅವನು ಹುಟ್ಟಿದ ದಿನವೇ ಅವನ ತಾಯಿ, ಅಂದರೆ ನಮ್ಮಜ್ಜಿ, ತೀರಿಕೊಂಡಳು. ಅಣ್ಣನಾದ ನಮ್ಮಪ್ಪ ಆಗ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಕೂಸು. ಅಜ್ಜಿ ಸತ್ತ ತಿಥಿಯಾದರೂ ಗೊತ್ತಿರಬೇಕಲ್ಲ ಅನ್ನುತ್ತೀರಿ. ನಮ್ಮ ಮನೆತನದಲ್ಲಿ ಹಿರಿಯರಿಗೆಲ್ಲ ಸೇರಿಸಿ ಮಹಾನವಮಿಯ ಮುಂಚಿನ ಅಮಾವಾಸ್ಯೆಗೆ ಒಂದೇ ಎಡೆ. ಹುಟ್ಟಿದವರಿಗೆಲ್ಲ ಜೂನ್ ಒಂದು, ಸತ್ತವರಿಗೆಲ್ಲ ಅಮಾವಾಸ್ಯೆ! ಅಜ್ಜ ಬದುಕಿರುವವರೆಗೂ ಆ ದಿನದ ಮಾತೆತ್ತಲಿಲ್ಲ. ಓಣಿಯ ಮಂದಿ ಮಾತ್ರ ಬಿಡಲಿಲ್ಲ. 'ತಾಯಿನ್ನ ನುಂಗಿ ಹುಟ್ಟಿದವ' ಎಂದೇ ಅವನನ್ನು ಕರೆದರು.

ಒಮ್ಮೆ ನಾನೇ ಕೇಳಿದೆ: "ನಿನ್ನ ಖರೇ ತಾರೀಖ ಸಿಕ್ಕರ ಏನ ಮಾಡ್ತಿ ಕಾಕಾ?"

ಅವನು ಲಾಳಿ ನಿಲ್ಲಿಸಿದ. "ಅವತ್ತ ಜಗತ್ತಿನಾಗ ಏನಾರ ಒಂದ ಚಲೋದು ಆಗಿರಬೇಕಲ್ಲವಾ? ಅದೇನಂತ ನೋಡ್ತೀನಿ."

ಸದಾ ನಗುವ ನನಗೆ ಅಂದು ನಗು ಬರಲಿಲ್ಲ.

ತನ್ನದು ಸಿಗಲಿಲ್ಲವೆಂದು ಸುಮ್ಮನೆ ಕೂತನೇ? ಊರವರಿಗೆಲ್ಲ ಹುಡುಕಿಕೊಡಲು ಹೊರಟ! ಮುದುಕಿಯರ ಮುಂದೆ ಕೂತು ವಿಚಾರಣೆ ಶುರು. "ಯವ್ವಾ, ಇವನ್ನ ಹಡದಾಗ ಹೊಲದಾಗ ಏನ ನಡದಿತ್ತು?" "ಎಳ್ಳ ಅಮಾಸಿ ಇತ್ತೋ ಯಪ್ಪಾ. ಭೂಮಿತಾಯಿಗೆ ಎಡಿ ಹಿಡದು ಹೊಲದಾಗ ಚರಗಾ ಚೆಲ್ಲಾಕ ಹೋದಾಕಿ ಬನ್ನಿಗಿಡದ ಬುಡಕ ಹಡದೆ." ಅಷ್ಟು ಸಿಕ್ಕರೆ ಸಾಕು. ಕಾಕಾನ ಪಡಸಾಲೆಯ ಒಂದೇ ಮೊಳೆಗೆ ಅಜ್ಜನ ಕಾಲದಿಂದಲೂ ಕ್ಯಾಲೆಂಡರುಗಳು ತೂಗುತ್ತಿದ್ದವು, ಹಳೆಯದರ ಮೇಲೆ ಹೊಸದು. ಆ ವರ್ಷದ್ದನ್ನು ತೆಗೆದು, ಅಮಾವಾಸ್ಯೆ ಹುಡುಕಿ, ತಾರೀಖು ಹೇಳಿಬಿಡುತ್ತಿದ್ದ. ಒಂದು ದಿನ ಆ ಮೊಳೆ ಗೋಡೆಯ ಗಿಲಾಯಿ ಸಮೇತ ಕಿತ್ತುಕೊಂಡು ಕಾಕುವಿನ ರೊಟ್ಟಿ ಬುಟ್ಟಿಯ ಮೇಲೆ ಬಿತ್ತು. "ಇಷ್ಟ ವರ್ಷ ಒಂದ ಸಲಕ್ಕ ಮೈಮ್ಯಾಲ ಬಿದ್ರ ಯಾವ ರೊಟ್ಟಿ ಉಳಿತಾವ್ರಿ!" ಎಂದು ಕಾಕು ಚೂರುಗಳನ್ನು ಆರಿಸಿದಳು.

ತಾರೀಖಿನ ಜೊತೆಗೆ ಅಂದಿನ ಇತಿಹಾಸವೂ ಪುಕ್ಕಟೆ. ಕಿರಾಣಿ ಅಂಗಡಿಯ ಶೆಟ್ಟರಿಗೆ ಮೇ ಇಪ್ಪತ್ತೊಂಬತ್ತು ಬಂತು. "ಎವರೆಸ್ಟ್ ಶಿಖರಾ ಮದಲ ಸಲ ಹತ್ತಿದ ದಿನಾರೀ ನಿಮ್ಮದು!" ಎಂದ ಕಾಕಾ. ಶೆಟ್ಟರ ಹೊಟ್ಟೆ ಅವರಿಗಿಂತ ಮುಂಚೆ ಅಂಗಡಿಯಿಂದ ಹೊರಬರುತ್ತದೆ. ಕಾಲಕಾಲೇಶ್ವರನಿಗೆ ಗುಡ್ಡದ ಕೆಳಗಿನಿಂದಲೇ ಕೈಮುಗಿದು ಬರುವವರು. ಈ ಮಾತು ಕೇಳಿದ್ದೇ ತಡ, ಮುಂದಿನ ಸೋಮವಾರ ಧೋತರ ಕಟ್ಟಿ ಮೆಟ್ಟಿಲು ಹತ್ತಿಯೇಬಿಟ್ಟರು! ಅರ್ಧಕ್ಕೆ ಕೂತವರನ್ನು ಇಬ್ಬರು ಹೊತ್ತು ಇಳಿಸಬೇಕಾಯಿತು. "ನನಗ ಸಪಾಟ ಜಾಗಾದ್ದ ಒಂದ ದಿನ ನೋಡಿ ಕೊಡ ಅನ್ರಿ ಅವಗ," ಎಂದು ಶೆಟ್ಟರು ಏದುಸಿರು ಬಿಟ್ಟರು.

ಸೂಡಿಯ ದರ್ಜಿಯ ಕಥೆ ಇನ್ನೊಂದು. ಅವನಿಗೆ ಏಪ್ರಿಲ್ ಹದಿನೈದು ಬಂತು, ಹಿಮದ ಗುಡ್ಡಕ್ಕೆ ಬಡಿದ ಆ ಭಾರೀ ಹಡಗು ಮುಳುಗಿದ ದಿನ. ದರ್ಜಿಯ ಮುಖ ಸಣ್ಣದಾಯಿತು. "ಬ್ಯಾರೇದ ಕೊಡ್ರಿ," ಎಂದ. "ಇದೇನ ಸಂತಿಯಾಗಿನ ಬದನಿಕಾಯಿ ಏನ, ಹುಳಕಿದ್ದದ್ದು ಬದಲಿ ಮಾಡಾಕ?" ಎಂದು ಕಾಕಾ ರೇಗಿದ. ದರ್ಜಿ ಕಣ್ಣೊರೆಸಿಕೊಳ್ಳುವುದೊಂದು ಬಾಕಿ. "ಹಂಗಾರ ನಂಗ ಜೂನ್ ಒಂದ ಇರ್ಲಿ ಬಿಡ್ರಿ. ಭಾಳ ಮಂದಿ ಜೋಡಿ ಇದ್ದೆ."

ನರೇಗಲ್ಲಿನಲ್ಲಿ ಇಬ್ಬರು ಅಣ್ಣತಮ್ಮಂದಿರು ಮನೆಯ ನಡುವೆ ಗೋಡೆ ಎಬ್ಬಿಸಿ ಮಾತು ಬಿಟ್ಟಿದ್ದರು. ಕಾಕಾ ನವೆಂಬರ್ ಒಂಬತ್ತರಂದೇ ಬಸ್ಸು ಹತ್ತಿ ಅಲ್ಲಿಗೆ ಹೋದ. ನಡುಬೀದಿಯಲ್ಲಿ ನಿಂತು, "ಬರ್ಲಿನ್ನಿನ್ಯಾಗ ಇವತ್ತ ಗೋಡಿ ಬಿತ್ತು! ನಿಮಗೇನ ಧಾಡಿ?" ಎಂದು ಭಾಷಣ ಶುರುಮಾಡಿದ. ಇಬ್ಬರೂ ಹೊರಗೆ ಬಂದರು. ಎಷ್ಟೋ ವರ್ಷಗಳ ಮೇಲೆ ಮೊದಲ ಬಾರಿ ಜೊತೆಯಾಗಿ ನಿಂತರು, ಜೊತೆಯಾಗಿ ಕಾಕಾನಿಗೆ ಬೈದರು, ಜೊತೆಯಾಗಿ ಬಸ್‌ಸ್ಟ್ಯಾಂಡಿನವರೆಗೆ ಅಟ್ಟಿಸಿಕೊಂಡು ಬಂದರು. ಆಮೇಲೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿದರಂತೆ. ಕಾಕಾ ಅದನ್ನು ತನ್ನ ಗೆಲುವೆಂದೇ ಹೇಳುತ್ತಾನೆ.

ನನ್ನ ಗಂಡನ ಮನೆ ರೋಣದಲ್ಲಿ. ಅಲ್ಲಿಯ ಬ್ಯಾಂಕಿನಲ್ಲಿ ಕಾಕಾನಿಗೊಂದು ಖಾತೆ ತೆರೆಸಲು ನಾನು ಕರೆದೊಯ್ದಿದ್ದೆ. ಗುಮಾಸ್ತರು ಕೇಳಿದರು: "ಹುಟ್ಟಿದ ದಿನಾಂಕ?"

"ಗೊತ್ತಿಲ್ಲರಿ."

"ನಿಮ್ಮ ಕಾರ್ಡಿನ್ಯಾಗ ಜೂನ್ ಒಂದ ಅಂತ ಐತೆಲ್ರಿ?"

"ಅದ ಸುಳ್ಳರೀ. ಜೂನ್ ಒಂದ ಅಂದವ್ರೆಲ್ಲಾ ಸುಳ್ಳ!"

ಗುಮಾಸ್ತರು ಗಾಬರಿಯಾಗಿ ಆಚೀಚೆ ನೋಡಿ ದನಿ ತಗ್ಗಿಸಿದರು. "ಸಣ್ಣಗ ಮಾತಾಡ್ರಿ ಯಜಮಾನ್ರ, ನಂದೂ ಅದ. ನನ್ನ ರಿಟೈರ್ಮೆಂಟ್ ಎಲ್ಲಾ ಅದರ ಮ್ಯಾಲ ನಿಂತೈತಿ!"

ಹೀಗೆ ಊರಿಗೆಲ್ಲ ದಿನ ಹಂಚಿದವನು ತಾನು ಮಾತ್ರ ಧರ್ಮಛತ್ರದಲ್ಲೇ ಉಳಿದಿದ್ದ. ಒಂದು ಚಳಿಗಾಲದಲ್ಲಿ ಕಾಕು ಎಸ್‌ಟಿಡಿ ಬೂತಿನಿಂದ ನನಗೆ ಫೋನು ಮಾಡಿದಳು. "ಲಗೂನ ತಯಾರಾಗು. ನಿಮ್ಮ ಕಾಕಾ ನಾಳಿ ರೋಣಕ್ಕ ಬರ್ತಾರ. ಅವ್ರನ್ನ ನರಗುಂದಕ್ಕ ಕರಕೊಂಡ ಹೋಗಬೇಕ ನೀ." ಯಾರದೋ ತಾರೀಖು ಹುಡುಕಲು ಹೋದಾಗ ಒಬ್ಬ ಮುದುಕಿ ಹೇಳಿದಳಂತೆ: ನಿಮ್ಮ ಓಣಿಯ ಬಾಣಂತನ ಮಾಡುತ್ತಿದ್ದ ಸೂಲಗಿತ್ತಿ ಬೂಬವ್ವ ಇನ್ನೂ ಇದ್ದಾಳೆ, ನರಗುಂದದಲ್ಲಿ ಮಗಳ ಮನೆಯಲ್ಲಿ.

ಮರುದಿನ ಕಾಕಾ ಇಸ್ತ್ರಿ ಅಂಗಿ ತೊಟ್ಟು ಇಳಿದ. ಕೈಯಲ್ಲೊಂದು ಹೊಸ ಸೀರೆ, ತಾನೇ ನೇಯ್ದದ್ದು. ನರಗುಂದದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಅಂಚು ಸವರುತ್ತಾ ಕೂತ. ಕಂಡಕ್ಟರ್ ಟಿಕೆಟ್ ಹರಿಯುತ್ತಾ ತಾನಾಗಿಯೇ, "ಇವತ್ತ ತಾರೀಖ ಎಷ್ಟ್ರಿ?" ಎಂದ. ನಾನು ಉಸಿರು ಬಿಗಿಹಿಡಿದೆ. ಕಾಕಾ ಅಂಕಿ ಹೇಳಿ ಸುಮ್ಮನಾದ. ಅಷ್ಟೇ! ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಕಪ್ಪು ಹೊಲಗಳಲ್ಲಿ ಕಡಲೆ ಹಸಿರಾಗಿತ್ತು. ಅತ್ತ ನೋಡುತ್ತಲೇ ಅವನು ಕೇಳಿದ: "ಅವತ್ತ ಚಲೋದ ಏನೂ ಆಗಿರದ ಇದ್ರ?"

"ಎಲ್ಲೆರ ಏನೆರ ಆಗಿರತೈತಿ ಬಿಡ ಕಾಕಾ," ಎಂದೆ. ಅಷ್ಟು ದೊಡ್ಡ ಜಗತ್ತಿನಲ್ಲಿ ಒಂದೂ ಒಳ್ಳೆಯದು ಆಗದ ದಿನ ಇದ್ದೀತೇ?

ಬೂಬವ್ವ ಅಂಗಳದ ಬಿಸಿಲಿನಲ್ಲಿ ಹೊರಸಿನ ಮೇಲೆ ಕೂತಿದ್ದಳು. ಕಣ್ಣು ಮಂಜು, ನಾಲಿಗೆ ಮಾತ್ರ ಹರಿತ. ನಾನು ಅಜ್ಜನ ಹೆಸರು, ಓಣಿಯ ಹೆಸರು ಹೇಳಿ, ಇವನು ಅವರ ಕಿರಿಯ ಮಗ ಎಂದೆ.

"ಯಾರು? ಮಗ್ಗದವರ ಮನೀ ಗೌರವ್ವನ ಮಗಾ?" ಮುದುಕಿ ಎರಡೂ ಕೈ ಚಾಚಿದಳು. "ಇಲ್ಲಿ ಬಾ ಬೇಟಾ. ಬಗ್ಗು."

ಕಾಕಾ ಬಗ್ಗಿದ. ಅವಳು ಅವನ ಹಣೆ, ಮೂಗು ಸವರಿ, ಎರಡೂ ಕಿವಿ ಹಿಡಿದುಕೊಂಡಳು. ಹಿಡಿದವಳು ಬಿಡಲೇ ಇಲ್ಲ, ಬೊಚ್ಚು ಬಾಯಿ ತೆರೆದು ನಗತೊಡಗಿದಳು.

"ಹೌದ ಹೌದ, ಇವನ! ನೀ ಹುಟ್ಟಿದ ಕೂಡ್ಲೆ ನಿಮ್ಮವ್ವ ನಿನ್ನ ಎದಿ ಮ್ಯಾಲ ಹಾಕ್ಕೊಂಡ್ಳು. 'ಬೂಬಕ್ಕಾ, ಇದರ ಕಿವಿ ನೋಡ, ಥೇಟ ನಮ್ಮಪ್ಪನ ಕಿವಿ' ಅಂತ ನಕ್ಕಳು. ನನ್ನೂ ನಗಿಸಿದ್ಳು. ಎದಿಹಾಲ ಕುಡಿಸಿದ್ಳು. ಮತ್ತ ಕಿವಿ ನೋಡಾಕಿ, ಮತ್ತ ನಗಾಕಿ. ಇಡೀ ದಿನ ಅದ ಆಟ."

ಕಾಕಾ ಅವಳ ಕೈ ಹಿಡಿದುಕೊಂಡ. "ಅವ್ವ... ನನ್ನ ನೋಡಿದ್ಳಾ?"

"ನೋಡಿದ್ಳಾ ಅಂದ್ರ? ಕಣ್ಣ ತುಂಬ ನೋಡಿದ್ಳಪ್ಪಾ! ದೀಪಾ ಹಚ್ಚೂ ಹೊತ್ತಿಗೆ ನೆತ್ತರ ಹರಿಯಾಕ ಹತ್ತಿತು, ನಿಲ್ಲಲೇ ಇಲ್ಲ. ದವಾಖಾನಿ ದೂರ, ಗಾಡಿ ಸಿಗಲಿಲ್ಲ. ಅದಕ್ಕ ಸತ್ತಳು ಆಕಿ. ನಿನ್ನಿಂದ ಅಲ್ಲ. ಹಂಗಂತ ಯಾರರ ಅಂದಿದ್ರ ಅವರ ಬಾಯಾಗ ಮಣ್ಣ ಹಾಕು!"

ಐವತ್ತು ದಾಟಿದ ನಮ್ಮ ಕಾಕಾ ಆ ಮುದುಕಿಯ ಮೊಣಕಾಲಿಗೆ ತಲೆಯಿಟ್ಟು ಅತ್ತ. ಅವಳು ಬೆನ್ನು ತಟ್ಟುತ್ತಾ, ಊಟ ಮಾಡದೆ ಹೋದರೆ ನೋಡು ಎಂದು ಬೆದರಿಸಿದಳು. ಉಂಡೆವು. ಅವನು ಸೀರೆಯನ್ನು ಅವಳ ಹೆಗಲಿಗೆ ಹೊದಿಸಿದ. ಅವಳು ಮುಟ್ಟಿ ನೋಡಿ, "ಗಜೇಂದ್ರಗಡದ್ದು," ಎಂದಳು.

ತಿರುಗಿ ರೋಣದ ಬಸ್ಸು ಹತ್ತಿದಾಗ ಹೊತ್ತು ಮುಳುಗುತ್ತಿತ್ತು. ಊರು ದಾಟಿದ ಮೇಲೆ ನಾನು ಹಣೆ ಚಚ್ಚಿಕೊಂಡೆ.

"ಅಯ್ಯ ಕಾಕಾ! ತಾರೀಖ ಕೇಳೂದನ್ನ ಮರತ ಬಿಟ್ಟಿವಲ್ಲೋ! ಹುಣ್ಣಿವಿನೋ ಅಮಾಸಿನೋ, ಅಷ್ಟಾರ ಕೇಳಬೇಕಿತ್ತು. ಇಳಿಯೂಣೇನ?"

"ಬ್ಯಾಡ ಬಿಡವಾ," ಎಂದ ಕಾಕಾ. "ಅವತ್ತ ಏನ ಆತು ಅಂತ ಗೊತ್ತಾತಲ್ಲ."

ಬಸ್ಸಿನೊಳಗೆ ದೀಪಗಳು ಹತ್ತಿಕೊಂಡವು. ರೋಣ ಬರುವವರೆಗೂ ಅವನು ಕಿಟಕಿಯ ಗಾಜಿನಲ್ಲಿ ಒಮ್ಮೆ ಈ ಕಿವಿ, ಒಮ್ಮೆ ಆ ಕಿವಿ ನೋಡಿಕೊಳ್ಳುತ್ತಾ, ತನ್ನಷ್ಟಕ್ಕೇ ನಗುತ್ತಾ ಕೂತಿದ್ದ.