ಗ್ವೆಂಡಾ, ಈ ಶನಿವಾರ ಮಾತ್ರ ಬರಬೇಡಿ

ಮಾನ್ಯ ‘ನಿಲ್ಲು ನಿಲ್ಲು ಗ್ವೆಂಡಾ’ ಎಂಬ ಹಾಡೇ,

ತಮ್ಮನ್ನು ಹೆತ್ತ ‘ಸ್ಯಾಟಿನ್ ಟಸ್ಕ್’ ರಾಕ್ ತಂಡದ ಬೇಸ್ ಗಿಟಾರಿನ ವೆರ್ನ್ ಹಾಲ್ಕಂಬ್ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ, ಇಂದು ಬೆಳಿಗ್ಗೆ ಪೆಟ್ರೋಲ್ ಬಂಕಿನಲ್ಲೂ, ಆಮೇಲೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ ರೇಡಿಯೋದಲ್ಲಿ ತಮ್ಮ ದರ್ಶನವಾಯಿತು. ನಾನು ಒಂಬತ್ತನೇ ತರಗತಿಗೇ ಶಾಲೆಗೆ ಕೈಮುಗಿದವನಾದ್ದರಿಂದ ಬರಹದ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು.

ಮೊದಲು ಉಪಕಾರಸ್ಮರಣೆ. ನಾವು ಹೆತ್ತ ಹಾಡುಗಳೆಲ್ಲ ತಮ್ಮ ಒಡಹುಟ್ಟಿದವರೇ. ಅವನ್ನೆಲ್ಲ ನುಂಗಿ ನೀರು ಕುಡಿದು ತಾವೊಬ್ಬರೇ ದೊಡ್ಡವರಾದಿರಿ. ನಮ್ಮ ಕೂದಲು ಉದುರಿದರೂ ತಮ್ಮ ಒಂದೆಳೆ ಉದುರಲಿಲ್ಲ. ತಾವು ಬಿಟ್ಟುಹೋಗುವ ಪ್ರೇಯಸಿಯನ್ನು ಕರೆಯುವ ಹಾಡೆಂದು ನಂಬಿ ಜನ ಮದುವೆಗಳಲ್ಲಿ ತಬ್ಬಿಕೊಂಡು ಕುಣಿಯುತ್ತಾರೆ. ನಿಜಕ್ಕೆ ಗ್ವೆಂಡಾ ಎಂಬುದು ನಮ್ಮ ವ್ಯಾನಿನ ಹೆಸರು. ಹಾಲಿವುಡ್ಡಿನ ಇಳಿಜಾರಿನಲ್ಲಿ ಕೈಬ್ರೇಕು ಕೈಕೊಟ್ಟು ಅದು ಹಿಂದಕ್ಕೆ ಉರುಳಿದಾಗ ಬಿಗಿ ಚರ್ಮದ ಪ್ಯಾಂಟು, ಎತ್ತರದ ಹಿಮ್ಮಡಿಯ ಬೂಟುಗಳಲ್ಲಿ ಓಡುತ್ತ ನಾವು ಕೂಗಿದ್ದೇ ತಮ್ಮ ಪಲ್ಲವಿ ಎಂಬುದನ್ನು, ತಮ್ಮ ಮಾನ ಕಾಯಲು, ನಾನು ಹೊರಗೆ ಬಾಯಿಬಿಟ್ಟಿಲ್ಲ.

ಇನ್ನು ತಮ್ಮ ಮಧ್ಯದಲ್ಲಿ ಬರುವ ಆ ಜಗತ್ಪ್ರಸಿದ್ಧ ಮೌನ. ಧ್ವನಿಮುದ್ರಣದ ದಿನ ಕೂದಲು ನಿಗುರಿ ನಿಲ್ಲಲೆಂದು ನಮ್ಮ ತಲೆಗಳಿಗೆ ಹೊಡೆದ ಸ್ಪ್ರೇಯ ಮೋಡಕ್ಕೆ ಡ್ರಮ್ಮಿನ ಲಾನಿ ಸೀನಿದ, ತಾಳ ತಪ್ಪಿತು, ಎಲ್ಲರೂ ಗಕ್ಕನೆ ನಿಂತೆವು. ಅದು ಹಾಗೇ ಮುದ್ರಣವಾಯಿತು, ಜನಕ್ಕೆ ಅದೇ ಹಿಡಿಸಿತು. ಈಗ ಆ ಜಾಗ ಬಂದೊಡನೆ ಮೈದಾನವೇ “ಗ್ವೆಂಡಾ!” ಎಂದು ಕೂಗುತ್ತದೆ, ನಾವು ಪ್ರತಿ ಸಂಜೆ ಆ ತಪ್ಪನ್ನು ತಪ್ಪದೆ ಮಾಡಬೇಕು. ಎಲ್ಲಿ ತಪ್ಪು ಮಾಡುವುದರಲ್ಲಿ ತಪ್ಪಿಬಿಡುತ್ತೇನೋ ಎಂದು ನನಗೆ ಮಧ್ಯಾಹ್ನದಿಂದಲೇ ಅನ್ನಾಹಾರ ಸೇರುವುದಿಲ್ಲ.

ಅದನ್ನೂ ಸಹಿಸಿದ್ದೆ. ಆದರೆ ಮದುವೆಯಾದಾಗಿನಿಂದ ನಮ್ಮ ಟೀ-ಶರ್ಟು ಮಾರುವ ಮೇಜಿನ ಹಿಂದೆ ನಿಂತಿರುವ ನನ್ನ ಹೆಂಡತಿ ಬೊನೀಟಾ ಮೊನ್ನೆ, “ಅಲ್ರೀ, ಆ ಡಬ್ಬ ವ್ಯಾನಿಗೆ ಹಾಡು ಕಟ್ಟಿದ್ರಿ. ನಾನೇನು ಅದಕ್ಕಿಂತ ಕಡಿಮೆ ಓಡಿದೀನಾ?” ಎಂದಳು. ನಗುತ್ತಲೇ ಅಂದಳು, ಆದರೆ ಮಡಿಸಿದ್ದ ಶರ್ಟನ್ನೇ ಬಿಚ್ಚಿ ಮತ್ತೆ ಮಡಿಸಿದಳು. ಅಂದಿನಿಂದ ನನಗೆ ನಿದ್ದೆಯಿಲ್ಲ.

ಆದ್ದರಿಂದ ‘ಬೊನೀಟಾ’ ಎಂಬ ಹಾಡು ಕಟ್ಟಿದ್ದೇನೆ. ಶನಿವಾರ ಓಹಾಯೋದಲ್ಲಿ, ಜಿಲ್ಲಾ ಜಾತ್ರೆಯಂಥ ಕೌಂಟಿ ಮೇಳದಲ್ಲಿ, ತಮಗಿಂತ ಮೊದಲು, ಅವಳ ಎದುರಿಗೇ ಅದರ ಸರದಿ. ಎಲ್ಲಿ ಸಂದು ಸಿಕ್ಕರೂ ಜನ ತಮ್ಮ ಹೆಸರು ಕೂಗಿಯಾರೆಂಬ ಭಯಕ್ಕೆ ಮೊದಲಿನಿಂದ ಕೊನೆಯವರೆಗೆ ಉಸಿರೆಳೆಯಲೂ ಜಾಗ ಬಿಟ್ಟಿಲ್ಲ. ಹಾಡುಗಾರ ಡಸ್ಟಿ ನೋಡಿ, “ಲೋ ವೆರ್ನ್, ಇದು ಹಾಡೋ, ನೀರಲ್ಲಿ ಮುಳುಗಿಸೋ ಶಿಕ್ಷೆನೋ? ಅರವತ್ತು ದಾಟ್ತು ಕಣೋ ನಂಗೆ!” ಎಂದ.

ತಮ್ಮಲ್ಲಿ ಬೇಡುವುದಿಷ್ಟೇ. ಆ ಸಂಜೆ ತಮಗೆ ಒಂದಿಷ್ಟು ನೆಗಡಿ ಬರಲಿ. ಅಥವಾ ತಾವು ಮೇಳದ ಹಂದಿ ಓಟ ನೋಡಲು ಹೋಗಿ. ಅದೂ ಆಗದಿದ್ದರೆ ನಾಲ್ಕೇ ನಾಲ್ಕು ನಿಮಿಷ ಎಲ್ಲರ ನೆನಪಿನಿಂದ ಎದ್ದು, ಬಾಗಿಲು ಮೆಲ್ಲಗೆ ಎಳೆದುಕೊಂಡು, ಹೊರಗೆ ನಿಂತಿರಿ. ಆಮೇಲೆ ಒಳಗೆ ಬಂದು ಸಿಂಹಾಸನವನ್ನೇ ಏರುವಿರಂತೆ, ನಾನೇ ಕೈಹಿಡಿದು ಹತ್ತಿಸುತ್ತೇನೆ.

ತಮ್ಮನ್ನು ಬಿಟ್ಟರೆ ಬೇರೆ ಗತಿಯಿಲ್ಲದ,
ತಮ್ಮ ವಿಶ್ವಾಸಿ,
ವೆರ್ನ್ ಹಾಲ್ಕಂಬ್

ತಾ.ಕ.: ಅಂಚೆಗೆ ಹಾಕುವಷ್ಟರಲ್ಲಿ ಶನಿವಾರ ಮುಗಿಯಿತು. ಡಸ್ಟಿ ಎರಡನೇ ಚರಣದಲ್ಲಿ ಪ್ರಾಣ ಹೋಗುವಂತಾಗಿ ಉಸಿರೆಳೆದ. ಅಷ್ಟೇ ಸಾಕಾಯಿತು, ಮೈದಾನ “ಗ್ವೆಂಡಾ!” ಎಂದಿತು. ಎಲ್ಲರಿಗಿಂತ ಜೋರಾಗಿ ಕೂಗಿದ ಗಂಟಲು ಟೀ-ಶರ್ಟಿನ ಮೇಜಿನ ಹಿಂದಿನದು. “ಬಾಯಿ ತಾನಾಗೇ ತೆರ್ಕೊಳ್ತು ರೀ!” ಎಂದು ಬೊನೀಟಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಕಣ್ಣೊರೆಸಿಕೊಂಡು, “ನನ್ನ ಹಾಡಲ್ಲಿ ಆ ಉಸಿರಿನ ಜಾಗ ಹಾಗೇ ಇರ್ಲಿ, ತೆಗೀಬೇಡಿ” ಎಂದು ಅಪ್ಪಣೆಯನ್ನೂ ಕೊಟ್ಟಳು. ಇನ್ನು ಮುಂದೆ ತಮಗೆ ಎರಡು ಮನೆ, ಒಂದು ಸ್ವಂತದ್ದು, ಇನ್ನೊಂದು ‘ಬೊನೀಟಾ’. ವ್ಯಾನಿನ ಆ ಕೈಬ್ರೇಕನ್ನು ಅಂದೇ ಸರಿಮಾಡಿಸಬೇಕಿತ್ತು.