ಬಾಯಮ್ಮನ ಗ್ಲಾಸಿಗೆ ಕಪ್ಪು ಹೆಸರು

ಗಾಜಿನ ಮೇಲೆ ಹೆಸರು ಬರೆದು ಹೊಟ್ಟೆ ಹೊರೆಯುವವನಿಗೆ ಹೆದರಿಕೆಗೇನೂ ಬರವಿಲ್ಲ. ಒಂದು ಮುಗಿಯಿತು ಅನ್ನುವಾಗ ಇನ್ನೊಂದು ಹೆದರಿಕೆ ಅಂಗಡಿಯ ಮೆಟ್ಟಿಲು ಹತ್ತುತ್ತಿರುತ್ತದೆ.

ಮಣಿಪಾಲದಲ್ಲಿ ನನ್ನದೊಂದು ಲೇಸರ್ ಯಂತ್ರದ ಅಂಗಡಿ. ಬರೀ ಲೇಸರ್ ಹಾಯಿಸಿದರೆ ಗಾಜಿನ ಮೇಲೆ ಮಂಕು ಬಿಳಿ ಗುರುತು ಬೀಳುತ್ತದೆ. ಕಪ್ಪು ಬೇಕಾದರೆ ಮೊದಲು ಒಂದು ಲೇಪವನ್ನು ತೆಳ್ಳಗೆ ಹಚ್ಚಿ, ಒಣಗಿಸಿ, ಅದರ ಮೇಲೆ ಲೇಸರ್ ಬಿಡಬೇಕು. ಶಾಖಕ್ಕೆ ಲೇಪ ಗಾಜನ್ನು ಕಚ್ಚಿಕೊಳ್ಳುತ್ತದೆ. ಉಳಿದದ್ದನ್ನು ನೀರಿನಲ್ಲಿ ತೊಳೆದರೆ ಕಪ್ಪು ಅಕ್ಷರ ಮಾತ್ರ ನಿಲ್ಲುತ್ತದೆ. ಶಾಖ ಕಡಿಮೆಯಾದರೆ ಅಕ್ಷರ ನೀರಿನ ಜೊತೆ ಹೋಗುತ್ತದೆ, ಹೆಚ್ಚಾದರೆ ಗ್ಲಾಸೇ ಹೋಗುತ್ತದೆ. ಇವೆರಡರ ನಡುವೆ ನನ್ನ ಸಂಸಾರ ನಡೆಯುತ್ತಿದೆ. ದೀಪಾವಳಿಯ ಪಟಾಕಿಯನ್ನು ಕಿಟಕಿಯ ಒಳಗಿನಿಂದ ನೋಡಿ ಬೆಳೆದ ನನಗೆ ಈ ಉದ್ಯೋಗ ಹೇಗೆ ಅಂಟಿಕೊಂಡಿತೋ ದೇವರೇ ಬಲ್ಲ.

ಒಂದೇ ಒಂದು

ಕಾರ್ಕಳದ ಬಾಯಮ್ಮ ಬಂದದ್ದು ಸೊಸೆಯ ಜೊತೆ. ನಮ್ಮಲ್ಲಿ ಕ್ರಿಶ್ಚಿಯನ್ ಮನೆಗಳ ಹಿರಿಯ ಹೆಂಗಸರನ್ನು ಬಾಯಮ್ಮ ಅನ್ನುವುದು ರೂಢಿ. ಸೊಸೆ ಎರಡೂ ಕೈಯಲ್ಲಿ ಒಂದು ಚೀಲ ಹಿಡಿದಿದ್ದರು. ಅದರೊಳಗೆ ಟವೆಲು, ಟವೆಲಿನೊಳಗೆ ಹತ್ತಿ, ಹತ್ತಿಯೊಳಗೆ ಉದ್ದ ಕಾಲಿನ ಒಂದು ಗ್ಲಾಸು.

"ನನ್ನ ಗಂಡ ಬೊಂಬಾಯಿಂದ ತಂದದ್ದು," ಅಂದರು ಬಾಯಮ್ಮ. "ನಮ್ಮ ಮನೆಯ ಮದುಮಕ್ಕಳು ಟೋಸ್ಟಿನ ಹೊತ್ತಿಗೆ, ಎಲ್ಲರೂ ಗ್ಲಾಸು ಎತ್ತಿ ಹರಸುವಾಗ, ಇದರಲ್ಲೇ ಕುಡಿಯುವುದು. ನಾವು ಕುಡಿದದ್ದು, ಮಗ ಸೊಸೆ ಕುಡಿದದ್ದು. ಈಗ ಮೊಮ್ಮಗಳ ಮದುವೆ. ಹುಡುಗ ಹುಡುಗಿಯ ಹೆಸರು ಹಾಕಬೇಕು. ಬಿಳಿ ಬೇಡ, ನನ್ನ ಕಣ್ಣಿಗೆ ಕಾಣುವುದಿಲ್ಲ. ಕಪ್ಪೇ ಬೇಕು. ಎಷ್ಟು ಉಜ್ಜಿದರೂ ಹೋಗಬಾರದು."

"ಜೋಡಿ ಗ್ಲಾಸು ಬೇರೆ ಉಂಟಾ ಬಾಯಮ್ಮ?"

"ಇಲ್ಲ. ಇದು ಒಂದೇ."

ಗ್ಲಾಸಿನತ್ತ ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡೆ. "ಹಳೆ ಗಾಜು. ಬಿಸಿಗೆ ಅಪ್ಪಿ ತಪ್ಪಿ ಒಡೆದರೆ ಎಂತ ಮಾಡುವುದು?"

"ನಾನು ಬೈಯುವವಳಲ್ಲ," ಅಂದರು ಬಾಯಮ್ಮ ಶಾಂತವಾಗಿ. "ಮದುವೆಯ ದಿನ ಮೈಕಿನಲ್ಲಿ ನೀನೇ ಬಂದು ಹೇಳು, ಆಯ್ತಾ?"

ನಾನು ಸೊಸೆಯ ಮುಖ ನೋಡಿದೆ. ಅವರು ನನಗಿಂತ ಹೆಚ್ಚು ಹೆದರಿದ್ದರು.

ತಿಕ್ಕುವ ಪರೀಕ್ಷೆ

ಗ್ಲಾಸನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಮದುವೆಗೆ ಇನ್ನೂ ದಿನವಿತ್ತು. ಬೇರೆ ಕೆಲಸಗಳಲ್ಲಿ ಕೈ ಕುದುರಲಿ, ಆಮೇಲೆ ನೋಡುವ ಅಂತ ನನ್ನ ಲೆಕ್ಕ.

ಆಗ ಬಂದದ್ದು ಕಾಲೇಜು ಪ್ರಯೋಗಾಲಯದ ಒಬ್ಬ ಮೇಡಂ. ಬೀಕರುಗಳ ಮೇಲೆ ಕಪ್ಪು ಅಳತೆಗೆರೆ ಹಾಕಿಸಿಕೊಂಡರು. ಎಲ್ಲ ಮುಗಿದ ಮೇಲೆ, "ಹೋಗುವುದಿಲ್ಲ ಅಂತ ಏನು ಗ್ಯಾರಂಟಿ? ನಮ್ಮಲ್ಲಿ ತೊಳೆಯುವವರ ಕೈ ನೀವು ನೋಡಿಲ್ಲ," ಅಂದರು.

"ನೀವೇ ತಿಕ್ಕಿ ನೋಡಿ ಮೇಡಂ," ಅಂದೆ.

ಅವರು ಸೆರಗು ಸಿಕ್ಕಿಸಿ, ಸ್ಟೀಲ್ ಸ್ಕ್ರಬ್ಬರ್ ಹಿಡಿದು ನನ್ನ ಸಿಂಕಿನ ಮುಂದೆ ನಿಂತರು. ತಿಕ್ಕಿದರು, ಬೆಳಕಿಗೆ ಹಿಡಿದು ನೋಡಿದರು, ಮತ್ತೆ ತಿಕ್ಕಿದರು. ಗೆರೆ ಜಗ್ಗಲಿಲ್ಲ. ಅವರಿಗೆ ಹಟ ಬಂತು. ಕೊನೆಯ ಸಲ ತಿಕ್ಕುವಾಗ ಬೀಕರು ನೀರಿನ ನಲ್ಲಿಗೆ ಬಡಿದು ಎರಡು ತುಂಡಾಯಿತು. ನಾನು ಗೋಡೆಗೆ ಒರಗಿದೆ.

ಮೇಡಂ ಎರಡೂ ತುಂಡುಗಳನ್ನು ಜೋಡಿಸಿ ಗೆರೆ ನೋಡಿ ತಲೆಯಾಡಿಸಿದರು. "ನಿಮ್ಮ ಮಾರ್ಕ್ ಗಟ್ಟಿ ಉಂಟು ಮಾರಾಯ್ರೆ. ಬೀಕರಿನದ್ದೇ ಗ್ಯಾರಂಟಿ ಇಲ್ಲ."

ಕಾಪುವಿನ ಏಡಿ

ಕಾಪು ಬೀಚಿನ ಹತ್ತಿರ ಚಾ ಹೋಟೆಲು ಇಟ್ಟುಕೊಂಡ ಒಬ್ಬರು, ಗ್ಲಾಸಿನ ತಳಕ್ಕೆ ಹೊರಗಿನಿಂದ ಒಂದು ಪುಟ್ಟ ಕಪ್ಪು ಏಡಿ ಹಾಕಿಸಿಕೊಂಡು ಹೋದರು. "ಚಾ ಮುಗಿಯುವಾಗ ಏಡಿ ಕಾಣಬೇಕು. ಗಿರಾಕಿಗೆ ಖುಷಿ ಆಗ್ತದೆ, ಅಲ್ವಾ?"

ವಾರ ಕಳೆಯುವುದರೊಳಗೆ ಅವರೇ ಒಂದು ಗ್ಲಾಸು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಆಳು ಆರಡಿ. ಮುಖ ಕೆಂಪು. ನಾನು ಮೇಜಿನ ಆ ಬದಿಗೆ ಹೋಗಿ ನಿಂತೆ.

"ಎಂತ ಆಯ್ತು ಧಣಿ? ಏಡಿ ಹೋಯಿತಾ?"

"ಹೋಗಿದ್ದರೆ ಒಳ್ಳೆದಿತ್ತು," ಅಂದರು. "ನಿನ್ನೆ ಒಬ್ಬರು ಕೊನೆಯ ಗುಟುಕು ಕುಡಿದು ಒಳಗೆ ನೋಡಿ ಬೊಬ್ಬೆ ಹಾಕಿದರು, ಚಾದಲ್ಲಿ ಜಿರಳೆ ಅಂತ. ಇದು ಚಿತ್ರ ಸ್ವಾಮಿ ಅಂತ ಎಲ್ಲರೆದುರು ತೊಳೆದು ತೋರಿಸಿದೆ."

"ಮತ್ತೆ ನಂಬಿದರಲ್ಲ?"

"ಎಲ್ಲಿಯ ನಂಬುವುದು? ತೊಳೆದರೂ ಹೋಗದ ಜಿರಳೆ ಇಟ್ಟುಕೊಂಡ ಹೋಟೆಲು ಉಡುಪಿ ಜಿಲ್ಲೆಯಲ್ಲೇ ಇದೊಂದು ಅಂತ ಹೇಳಿ ಹೋದರು."

ಹಲ್ಲಿ

ಇನ್ನು ಮುಂದೂಡಲು ದಿನ ಉಳಿದಿರಲಿಲ್ಲ. ಒಂದು ಬೆಳಿಗ್ಗೆ, ಜೊತೆಗಿರಲಿ ಅಂತ ಹೆಂಡತಿಯನ್ನೂ ಅಂಗಡಿಗೆ ಕರೆದುಕೊಂಡು ಹೋದೆ. ಬಾಯಮ್ಮನ ಗ್ಲಾಸನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ. ಬೆರಳಿನ ಜಿಡ್ಡು ತಾಗಿದರೆ ಲೇಪ ಹಿಡಿಯುವುದಿಲ್ಲ, ನನ್ನ ಕೈಯೋ ಬೆವರಿನಿಂದ ಒದ್ದೆ. ಮೂರನೇ ಸಲ ಒರೆಸುವಾಗ ಹೆಂಡತಿ, "ಇನ್ನು ಒರೆಸಿದರೆ ಗ್ಲಾಸೇ ಸವೆಯುತ್ತದೆ," ಅಂದಳು.

ಲೇಪ ಹಚ್ಚಿ, ಒಣಗಿಸಿ, ಗ್ಲಾಸನ್ನು ಯಂತ್ರದಲ್ಲಿ ಮಲಗಿಸಿ, ಸ್ವಿಚ್ಚು ಒತ್ತಿ ಕಣ್ಣು ಮುಚ್ಚಿದೆ. ಕಣ್ಣು ಮುಚ್ಚಿದರೆ ಕಾಣುವುದು ಬಾಯಮ್ಮ ಹೇಳಿದ ಮೈಕೇ. ಯಂತ್ರ ಗುಂಯ್‌ಗುಟ್ಟುತ್ತಿತ್ತು. ಹುಡುಗಿಯ ಹೆಸರು ಮುಗಿದು ಹುಡುಗನ ಹೆಸರು ಶುರುವಾಗಿರಬೇಕು, ಅಷ್ಟರಲ್ಲಿ "ಟಿಕ್" ಅಂತ ಸದ್ದು.

ಕಣ್ಣು ತೆರೆಯಲು ಧೈರ್ಯ ಸಾಲದೆ, "ಒಡೆಯಿತಾ?" ಅಂತ ಕೇಳಿದೆ.

"ಹಲ್ಲಿ," ಅಂದಳು ಹೆಂಡತಿ. "ಗೋಡೆಯ ಮೇಲೆ ಉಂಟು. ಹಲ್ಲಿ ನುಡಿದರೆ ಒಳ್ಳೆದೇ, ಮನಸ್ಸಿನಲ್ಲಿ ಇದ್ದದ್ದು ನಿಜ ಆಗ್ತದೆ. ನೀವು ಎಂತ ಯೋಚನೆ ಮಾಡ್ತಾ ಇದ್ದಿರಿ?"

"ಗ್ಲಾಸು ಒಡೆಯುತ್ತದೆ ಅಂತ."

ಅವಳು ನನ್ನ ಪಕ್ಕ ಬಂದು, ತಾನೂ ಕಣ್ಣು ಮುಚ್ಚಿ ನಿಂತಳು.

ಮದುವೆಯ ದಿನ

ಗ್ಲಾಸು ಒಡೆಯಲಿಲ್ಲ. ತೊಳೆದಾಗ ಎರಡೂ ಹೆಸರು ಕಪ್ಪಗೆ, ಕಾಡಿಗೆ ತೀಡಿದ ಹಾಗೆ ನಿಂತಿದ್ದವು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕಾರ್ಕಳಕ್ಕೆ ಹೋದೆ. ಹೊಂಡ ಬಂದಲ್ಲೆಲ್ಲ ಸೀಟಿನಿಂದ ಎದ್ದು ನಿಂತೆ. ಮದುವೆಯ ಸಭಾಂಗಣದಲ್ಲಿ ಗ್ಲಾಸು ಎತ್ತಿ ಟೋಸ್ಟ್ ಹೇಳಿದರು, ಮದುಮಕ್ಕಳು ಅದರಲ್ಲೇ ವೈನು ಕುಡಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ನಿಜವಾಗಿ ಕಣ್ಣು ತುಂಬಿ ಬಂತು.

ಬಾಯಮ್ಮ ನನ್ನನ್ನು ಮೂಲೆಗೆ ಕರೆದರು. "ನಿನಗೆ ಒಬ್ಬನಿಗೇ ಹೇಳ್ತೇನೆ, ಯಾರಿಗೂ ಹೇಳಬೇಡ. ಬೊಂಬಾಯಿಯ ಗ್ಲಾಸು ಇದಲ್ಲ. ಮಗನ ಮದುವೆಯ ಮರುದಿನ ತೊಳೆಯುವಾಗ ನನ್ನ ಕೈಯಿಂದ ಬಿದ್ದು ಹೋಯಿತು. ಉಡುಪಿ ಪೇಟೆಯಲ್ಲಿ ಅಂಥದ್ದೇ ಒಂದು ತಂದಿಟ್ಟೆ. ಇವತ್ತಿನವರೆಗೆ ಯಾರಿಗೂ ಗೊತ್ತಿಲ್ಲ."

ನಾನು ಕುರ್ಚಿ ಹುಡುಕಿ ಕೂತೆ. ಅಷ್ಟು ದಿನ ನಾನು ಬೆವರಿದ್ದು ಉಡುಪಿ ಪೇಟೆಯ ಗ್ಲಾಸಿಗೆ. "ಮತ್ತೆ ಹೋಗದ ಹಾಗೆ ಹೆಸರು ಯಾಕೆ ಹಾಕಿಸಿದಿರಿ ಬಾಯಮ್ಮ?"

"ಬರೀ ಗ್ಲಾಸು ಪೇಟೆಯಲ್ಲಿ ಸಿಗ್ತದೆ. ಹೆಸರು ಇದ್ದದ್ದು ಸಿಗುವುದಿಲ್ಲ," ಅಂದರು. "ಇನ್ನು ಒಡೆದವರು ನನ್ನ ಹಾಗೆ ತಪ್ಪಿಸಿಕೊಳ್ಳಲಿಕ್ಕೆ ಆಗುವುದಿಲ್ಲ."

ಊಟ ಮುಗಿಸಿ ಗೇಟಿನ ಹತ್ತಿರ ಬಂದಿದ್ದೆ. ಹಿಂದಿನಿಂದ ಸೊಸೆ ಓಡಿ ಬಂದರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ದನಿ ತಗ್ಗಿಸಿ ಕೇಳಿದರು: "ಅಣ್ಣ, ಅಂಥದ್ದೇ ಇನ್ನೊಂದು ಗ್ಲಾಸಿಗೆ ಅದೇ ಹೆಸರು ಹಾಕಿಕೊಡಲಿಕ್ಕೆ ಆಗ್ತದಾ? ಅತ್ತೆಗೆ ಗೊತ್ತಾಗಬಾರದು."

"ಅಯ್ಯೋ, ಆಗಲೇ ಒಡೆಯಿತಾ?"

"ಇಲ್ಲಣ್ಣ," ಅಂದರು ಅವರು. "ನಾಳೆ ಅದನ್ನು ತೊಳೆಯುವವಳು ನಾನು."