ಊರವರ ಕಾಲು, ಮಾವನ ಬೇವು

ನನ್ನ ಸೋದರಮಾವ ಸಾವಿನ ಮನೆಗೆ ಹೋದರೆ ಮೊದಲು ನೋಡುತ್ತಿದ್ದದ್ದು ಹೆಣವನ್ನಲ್ಲ, ಅಲ್ಲಿ ಸೇರಿದವರ ಕಾಲುಗಳನ್ನು! ಇಂಥವನನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಮಾನ್ವಿಯ ನಮ್ಮ ಶಾಲೆಯ ಅಂಗಳದಲ್ಲಿ ಹೆಸರಿಗೂ ನೆರಳಿರಲಿಲ್ಲ. ಮಾವ ನಾಲ್ವರು ಗೆಳೆಯರನ್ನು ಕಟ್ಟಿಕೊಂಡು, ರಾಯಚೂರಿನಿಂದ ಗಾಡಿಯಲ್ಲಿ ಬೇವಿನ ಸಸಿ ತಂದ. ನೆಡುವುದಕ್ಕೆ ಊರೇ ಬಂತು. ನೀರು ಹಾಕುವುದಕ್ಕೆ? ಒಬ್ಬರೂ ಇಲ್ಲ! ಬಾವಿ ತಳ ಕಂಡಿತ್ತು. ಗಿಡಕ್ಕೆಂದು ಕೇಳಿದರೆ ಒಂದು ಚೊಂಬು ನೀರೂ ಹುಟ್ಟುತ್ತಿರಲಿಲ್ಲ.

ಅದೇ ಬೇಸಿಗೆ ಊರಿಗೆ ಕಾಲರಾ ಬಂತು. ಹೆಣ ಮಣ್ಣು ಮಾಡಿ ಬಂದವರು ಕಾಲು ತೊಳೆಯದೆ ಹೊಸ್ತಿಲು ದಾಟುವಂತಿಲ್ಲವಲ್ಲ; ಎಂಥ ಜಿಪುಣರೂ ಅದಕ್ಕೊಂದು ಕೊಡ ನೀರು ತುಂಬಿಡುತ್ತಿದ್ದರು. ಮಸಣದ ದಾರಿ ಶಾಲೆಯ ಮುಂದೆಯೇ! ಮಾವನ ತಲೆ ಓಡಿತು. ಗೆಳೆಯರು ಸತ್ತವರ ಮನೆಯ ಆ ಕೊಡವನ್ನೇ ಶಾಲೆಗೆ ಹೊತ್ತು ತರುವರು. ಮಾವ ದಾರಿಗೆ ಅಡ್ಡ ನಿಂತು, ಬಂದವರನ್ನೆಲ್ಲ ಒಂದೊಂದು ಸಸಿಯ ಪಾತಿಗೆ ಕರೆದೊಯ್ದು ಅಲ್ಲೇ ಕಾಲು ತೊಳೆಸುವನು.

"ಅಳ್ರಿ, ಯಾರು ಬ್ಯಾಡಂದ್ರು? ಪಾತಿ ಅಂಚಿನ್ಯಾಗ ನಿಂತು ಅಳ್ರಿ! ನೀರು ಸಾವಕಾಶ ಹಾಕ್ರಿ, ಮಣ್ಣು ಕೊಚ್ಚಿ ಹೋಗ್ತದ!"

ಹೆಡ್ ಮಾಸ್ತರರು ಸಿಡುಕಿದರು. "ಏನ್ರೀ ಇದು, ಸಾಲಿ ಅಂಗಳದಾಗ ಮಸಣದ ಕಾಲು?"

"ಗಿಡಕ್ಕ ಮೈಲಿಗಿ ಇಲ್ರೀ ಸರ. ಅಂದಂಗ, ನಿಮ್ಮ ಮನ್ಯಾಗ ಎಲ್ಲಾರೂ ಆರಾಮ ಅದಾರೇನ್ರಿ?" ಎಂದ ಮಾವ, ಬಲು ಕಳಕಳಿಯಿಂದ! ಮಾಸ್ತರರು ಮತ್ತೆ ಅತ್ತ ತಲೆ ಹಾಕಲಿಲ್ಲ.

ಊರು ಖಾಲಿಯಾಗುತ್ತಾ ಹೋಯಿತು, ಗಿಡಗಳು ಚಿಗುರುತ್ತಾ ಹೋದವು. ನಗಬೇಕೋ ಅಳಬೇಕೋ, ನೀವೇ ಹೇಳಿ.

ಅತ್ತೆ ದೇವದುರ್ಗದವಳು, ಬಾಯಿ ಜೋರು. "ನಾಳಿ ನಾ ಸತ್ರೂ ನಿಮಗ ಗಿಡದ್ದೇ ಚಿಂತಿ!" ಎನ್ನುತ್ತಿದ್ದಳು.

"ನೀ ಸತ್ರ ಮಂದಿ ಭಾಳ ಬರ್ತಾರ. ಎಲ್ಲಾ ಗಿಡಕ್ಕೂ ನೀರಾಗ್ತದ!"

ಅತ್ತೆ ಸೌಟು ಎತ್ತುತ್ತಿದ್ದಳು, ಮಾವ ಓಡುತ್ತಿದ್ದ. ಅವರ ಮನೆಯಲ್ಲೇ ಬೆಳೆದ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ.

ಕಾಲರಾ ಹೋಗುವಾಗ ಅತ್ತೆಯನ್ನೂ ಒಯ್ದಿತು. ಮಂದಿ ಬರಲಿಲ್ಲ, ಅಂಜಿಕೆ. ಹೊತ್ತವರು ಆ ನಾಲ್ವರು ಗೆಳೆಯರೇ.

ತಿರುಗಿ ಬರುವಾಗ ಮಾವ ಶಾಲೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲವಂತೆ. ನೇರ ಬಂದು ಮನೆಯ ಹೊರಗೆ ನಿಂತ. ನಾನು ಕೊಡ ತಂದಿಟ್ಟೆ.

"ಕಾಲು ತೊಳಕೋ ಮಾವಾ."

ಅವನು ಕಾಲಿಗಂಟಿದ ಮಣ್ಣನ್ನೇ ನೋಡುತ್ತಿದ್ದ. "ಬ್ಯಾಡ ಯವ್ವಾ. ಇದನ್ನೂ ತೊಳಕೊಂಡ್ರ ಆಕಿ ಪೂರಾ ಹೋಗಿಬಿಡ್ತಾಳ."

ಊರಿಗೆಲ್ಲ ಕಾಲು ತೊಳೆಸಿದವನು! ನನಗೆ ದುಃಖ ಉಕ್ಕಿ ಬಂತು. ಕೊಡ ಸೊಂಟಕ್ಕೇರಿಸಿ, ಅವನ ಕೈ ಹಿಡಿದು ಶಾಲೆಗೆ ನಡೆಸಿದೆ. ಇನ್ನೂ ಚಿಗುರದೆ ನಿಂತಿದ್ದ ಒಂದು ಸಸಿಯ ಹತ್ತಿರ ನಿಲ್ಲಿಸಿ, "ಆಕಿ ಎಲ್ಲಿಗೂ ಹೋಗಂಗಿಲ್ಲ ಮಾವಾ, ಇಲ್ಲೇ ಇರ್ತಾಳ" ಎಂದು ಅವನ ಕಾಲ ಮೇಲೆ ನೀರು ಬಗ್ಗಿಸಿದೆ. ತುಂಬಿದ ಕೊಡ ವಾಲಿ ನೀರು ದಬದಬನೆ ಸುರಿಯಿತು.

ಮಾವ ಕುಸಿದು ಕುಳಿತು, ಹರಿಯುವ ಕೆಸರಿಗೆ ಎರಡೂ ಕೈ ಅಡ್ಡ ಹಿಡಿದ.

"ಸಾವಕಾಶ ಹಾಕು ಯವ್ವಾ, ಸಾವಕಾಶ... ಆಕಿ ಕೊಚ್ಚಿ ಹೋಗ್ತಾಳ."